ಮಾವಿನ ತೋಪಿನ ಪಂಚಾಂಗ: ಶಾಂತಿನಿಕೇತನದ ಬೇಸಿಗೆ ಉತ್ಸವಗಳು

ರವೀಂದ್ರನಾಥ ಠಾಕೂರರು ಹುಟ್ಟಿದ್ದು ಬಂಗಾಳಿ ಪಂಚಾಂಗದ ವೈಶಾಖ 25ರಂದು, ಅಂದರೆ 1861ರ ಮೇ 7ರಂದು. ಆದರೆ 1936ರಿಂದ ಶಾಂತಿನಿಕೇತನದಲ್ಲಿ ಅವರ ಹುಟ್ಟುಹಬ್ಬ ಮೂರು ವಾರ ಮುಂಚೆಯೇ, ವೈಶಾಖ ಒಂದರಂದು ನಡೆಯತೊಡಗಿತು. ಅದು ಬಂಗಾಳದ ಹೊಸ ವರ್ಷದ ಮೊದಲ ದಿನ, ಏಪ್ರಿಲ್ ನಡುವಿಗೆ ಬರುತ್ತದೆ. ಹೀಗೆ ದಿನ ಬದಲಾಯಿಸಲು ಕಾರಣ ನೀರು. ಬೀರ್‌ಭೂಮ್ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾವಿಗಳು ತಳ ಕಾಣುವ ಹೊತ್ತಿಗೆ ಆಶ್ರಮದ ಶಾಲೆಗೆ ರಜೆ ಕೊಟ್ಟು ಮಕ್ಕಳನ್ನು ಊರಿಗೆ ಕಳಿಸಲೇಬೇಕಿತ್ತು. ಮಕ್ಕಳೇ ಇಲ್ಲದ ಮೇಲೆ ಹಾಡುವವರು ಯಾರು, ಕುಣಿಯುವವರು ಯಾರು? ಹೊಸ ವರ್ಷವೂ ಹುಟ್ಟುಹಬ್ಬವೂ ಒಂದೇ ದಿನ ಆಗಲಿ ಎಂಬುದಕ್ಕೆ ಕವಿಯ ಒಪ್ಪಿಗೆ ಸಿಕ್ಕಿತು.

ಶಾಂತಿನಿಕೇತನದ ಉತ್ಸವಗಳ ಸ್ವಭಾವವೆಲ್ಲ ಈ ಒಂದು ತೀರ್ಮಾನದಲ್ಲಿದೆ. ಅಲ್ಲಿ ಯಾವ ಹಬ್ಬ ಯಾವಾಗ, ಯಾವ ಮರದ ಕೆಳಗೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಬಿಸಿಲು, ಮಳೆ, ಹೂವು ಮತ್ತು ನೆರಳು.

ಬೋಳು ಬಯಲಿಗೆ ಬಂದ ತೋಟ

ಕೋಲ್ಕತ್ತದಿಂದ ಸುಮಾರು 160 ಕಿಲೋಮೀಟರ್ ದೂರದ ಬೋಲ್ಪುರದ ಪಕ್ಕದಲ್ಲಿ ಕವಿಯ ತಂದೆ ದೇವೇಂದ್ರನಾಥರು 1863ರಲ್ಲಿ 20 ಬಿಘಾ ಜಮೀನನ್ನು ಕಾಯಂ ಗುತ್ತಿಗೆಗೆ ಪಡೆದರು. ನಮ್ಮ ಲೆಕ್ಕದಲ್ಲಿ ಏಳು ಎಕರೆಗೆ ತುಸು ಕಡಿಮೆ. ಕೊಟ್ಟವರು ರಾಯಪುರದ ಜಮೀನ್ದಾರರಾದ ಸಿನ್ಹಾ ಮನೆತನದವರು. ಗುತ್ತಿಗೆ ವರ್ಷಕ್ಕೆ ಐದು ರೂಪಾಯಿ. ಜಂಬಿಟ್ಟಿಗೆಯ ಕೆಂಪುನೆಲ, ಮಳೆನೀರು ಕೊರೆದ ಕೊರಕಲುಗಳು, ನೆರಳಿಗೆಂದು ಎರಡು ಛಾತಿಮ್ ಮರಗಳು. ಛಾತಿಮ್ ಎಂದರೆ ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ತೆಗೆಯುವ ಹಾಲೆ ಮರ, ಸಂಸ್ಕೃತದಲ್ಲಿ ಸಪ್ತಪರ್ಣ. ದೇವೇಂದ್ರನಾಥರು ಧ್ಯಾನಕ್ಕೆ ಕೂರುತ್ತಿದ್ದ ಆ ಜಾಗಕ್ಕೆ ಇಂದಿಗೂ ಛಾತಿಮ್‌ತಲಾ ಎಂದೇ ಹೆಸರು. ಮುಂದೆ ಇಲ್ಲಿ ಬೆಳೆದ ವಿಶ್ವಭಾರತಿ ವಿಶ್ವವಿದ್ಯಾಲಯದ ಪದವಿಪ್ರದಾನದಲ್ಲಿ ಪದವೀಧರರ ಕೈಗೆ ಕೊಡುವ ಎಲೆಯೂ ಇದರದೇ.

ಆ ನೆಲದಲ್ಲಿ ತೋಟ ಮಾಡುವುದು ಸುಲಭವಿರಲಿಲ್ಲ. ಹೊರಗಿನಿಂದ ಒಳ್ಳೆಯ ಮಣ್ಣು ತರಿಸಿ ಮಾವು, ನೆಲ್ಲಿ, ಬಕುಳ, ಸಾಲ ಮುಂತಾದ ಗಿಡಗಳನ್ನು ನೆಡಿಸಲಾಯಿತು. ಇವತ್ತು ಆಮ್ರಕುಂಜ, ಶಾಲ್‌ಬೀಥಿ, ಬಕುಳಬೀಥಿ ಎಂದು ಯಾತ್ರಿಕರು ಕೇಳಿಕೊಂಡು ಹೋಗುವ ತಾಣಗಳು ಹೀಗೆ ಮನುಷ್ಯರು ಕೈಯಾರೆ ಬೆಳೆಸಿದವು. 1888ರ ಟ್ರಸ್ಟ್ ಪತ್ರದಲ್ಲಿ ದೇವೇಂದ್ರನಾಥರು ನಿರಾಕಾರ ದೇವರ ಉಪಾಸನೆಗೆ ಈ ಜಾಗವನ್ನು ಬಿಟ್ಟುಕೊಟ್ಟರು. ಇಲ್ಲಿ ವಿಗ್ರಹಾರಾಧನೆ ಕೂಡದು, ಪ್ರಾಣಿವಧೆ ಕೂಡದು, ಯಾರ ಧರ್ಮವನ್ನೂ ಹಳಿಯಕೂಡದು. ಆದರೆ ವರ್ಷಕ್ಕೊಮ್ಮೆ ಜಾತ್ರೆ ನಡೆಯಬೇಕು. ಮೂರ್ತಿಯಿಲ್ಲದ ಈ ಊರಿನಲ್ಲಿ ಹಬ್ಬಕ್ಕೆ ಮರಗಿಡಗಳೇ ನಿಮಿತ್ತವಾದದ್ದು ಸಹಜ.

1901ರ ಡಿಸೆಂಬರ್ 22ರಂದು ರವೀಂದ್ರನಾಥರು ಐವರು ಹುಡುಗರೊಂದಿಗೆ ಇಲ್ಲಿ ಬ್ರಹ್ಮಚರ್ಯಾಶ್ರಮವನ್ನು ತೆರೆದರು. ಪಾಠ ಮರದ ಕೆಳಗೆ. ಮಕ್ಕಳು ತಮ್ಮ ಚಾಪೆ ತಾವೇ ತಂದು ಹಾಸಿಕೊಂಡು ಕೂರುವ ಪದ್ಧತಿ ಅಲ್ಲಿಂದಲೇ ಬಂತು.

ಹುಡುಗನೊಬ್ಬ ಶುರುಮಾಡಿದ ಋತು ಹಬ್ಬ

ದೊಡ್ಡವರು ಹಾಕಿಕೊಟ್ಟ ಕಾರ್ಯಕ್ರಮಗಳ ನಡುವೆ ಹುಡುಗರೇ ಕಟ್ಟಿದ ಹಬ್ಬವೊಂದಿತ್ತು. 1907ರ ಶ್ರೀಪಂಚಮಿಯಂದು ಕವಿಯ ಕಿರಿಯ ಮಗ ಶಮೀಂದ್ರನಾಥ ಗೆಳೆಯರನ್ನು ಕಟ್ಟಿಕೊಂಡು 'ಋತು ಉತ್ಸವ' ಮಾಡಿದ. ಹುಡುಗರು ಋತುಗಳ ವೇಷ ಹಾಕಿದರು, ಹಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ, ಮುಂಗೇರ್‌ನಲ್ಲಿದ್ದಾಗ ಕಾಲರಾ ತಗುಲಿ ಶಮೀಂದ್ರ ತೀರಿಕೊಂಡ. ಆಗ ಅವನಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಅವನ ಹಬ್ಬ ಮಾತ್ರ ಉಳಿಯಿತು. ಕಾಲಕ್ರಮದಲ್ಲಿ ಹೋಳಿ ಹುಣ್ಣಿಮೆಗೆ ಬಂದು ನಿಂತು ವಸಂತೋತ್ಸವವಾಯಿತು.

ವಸಂತೋತ್ಸವದ ದಿನ ನಸುಕಿನಲ್ಲಿ 'ವೈತಾಲಿಕ' ಹೊರಡುತ್ತದೆ, ಹಾಡುತ್ತಾ ಆಶ್ರಮವನ್ನು ಸುತ್ತಿ ಬರುವ ಮೇಳವದು. ಬಿಸಿಲೇರುವ ಮುನ್ನ ಮೆರವಣಿಗೆ. ಹೆಣ್ಣುಮಕ್ಕಳಿಗೆ ಹಳದಿ ಸೀರೆ, ಗಂಡುಮಕ್ಕಳಿಗೆ ಬಿಳಿಯ ಉಡುಪು, ಮುಡಿಯಲ್ಲಿ ಮುತ್ತುಗದ ಹೂವು. ಮನೆಮಂದಿಯನ್ನೆಲ್ಲ ಹೊರಗೆ ಕರೆಯುವ ಹಾಡಿಗೆ ಹೆಜ್ಜೆ ಹಾಕುತ್ತಾ ಸಾಲಾಗಿ ಬರುತ್ತಾರೆ. ಹಾಡು ನೃತ್ಯ ಮುಗಿಯುವವರೆಗೆ ಬಣ್ಣ ಮುಟ್ಟುವಂತಿಲ್ಲ. ಕೊನೆಯ ಹಾಡಿಗೆ ಅಬೀರ್ ಎಂಬ ಒಣ ಬಣ್ಣ ಹಾರುತ್ತದೆ. ಓಕುಳಿಯ ನೀರು, ಪಿಚಕಾರಿ ಇಲ್ಲಿಲ್ಲ.

ಅದೇ ಹೊತ್ತಿಗೆ ಬರುವ ಇನ್ನೊಂದು ಆಚರಣೆಗೆ ಬಣ್ಣವೂ ಇಲ್ಲ, ಹೂವೂ ಇಲ್ಲ. 1915ರಲ್ಲಿ ಆಶ್ರಮಕ್ಕೆ ಬಂದಿದ್ದ ಗಾಂಧೀಜಿ, ಅಡುಗೆ ಮತ್ತು ಕಸಗುಡಿಸುವ ಕೆಲಸವನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವೇ ಮಾಡಿಕೊಳ್ಳಬೇಕೆಂದು ಹೇಳಿ ಮಾಡಿಸಿಯೂ ಬಿಟ್ಟರು. ಆ ನೆನಪಿಗೆ ಪ್ರತಿವರ್ಷ ಮಾರ್ಚ್ 10 'ಗಾಂಧಿ ಪುಣ್ಯಾಹ'. ಅಂದು ಕೆಲಸದವರಿಗೆ ಬಿಡುವು. ಪೊರಕೆ, ಸೌಟು ಎರಡೂ ವಿದ್ಯಾರ್ಥಿಗಳ ಕೈಗೆ.

ತೋಪೇ ಸಭಾಂಗಣ

ಆಮ್ರಕುಂಜ ಬರೀ ಹಬ್ಬದ ಅಂಗಳವಲ್ಲ, ಆಶ್ರಮದ ದೊಡ್ಡ ತೀರ್ಮಾನಗಳೂ ಅಲ್ಲಿಯೇ ಪ್ರಕಟವಾದವು. 1921ರ ಡಿಸೆಂಬರ್ 23ರಂದು ವಿಶ್ವಭಾರತಿ ವಿಧ್ಯುಕ್ತವಾಗಿ ಆರಂಭವಾದ ಸಭೆ ಸೇರಿದ್ದು ಈ ಮಾವಿನ ತೋಪಿನಲ್ಲಿ. ಅಧ್ಯಕ್ಷತೆ ವಹಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1930ರವರೆಗೂ ದುಡಿದ ಅದೇ ಸೀಲ್. 1940ರ ಫೆಬ್ರವರಿಯಲ್ಲಿ ಗಾಂಧೀಜಿ ಮತ್ತು ಕಸ್ತೂರಬಾ ಬಂದಾಗ ಅವರಿಗೆ ಸ್ವಾಗತ ನಡೆದದ್ದೂ ಇಲ್ಲಿಯೇ.

ಅಲಂಕಾರಕ್ಕೆ ಜರಿ, ಕಾಗದದ ಹೂವು ಬರುತ್ತಿರಲಿಲ್ಲ. ಚಿತ್ರಕಾರ ನಂದಲಾಲ್ ಬೋಸ್ ಮತ್ತು ವಿಶ್ವಭಾರತಿಯ ಕಲಾಶಾಲೆಯಾದ ಕಲಾಭವನದ ವಿದ್ಯಾರ್ಥಿಗಳು ನೆಲಕ್ಕೆ ಆಲ್ಪನಾ ಬರೆಯುತ್ತಿದ್ದರು. ಬಂಗಾಳದ ಹೆಂಗಸರು ವ್ರತದ ದಿನ ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ ಬೆರಳಿನಿಂದ ಎಳೆಯುವ ಈ ರಂಗೋಲಿ ಮನೆಯಂಗಳದಿಂದ ಸಭೆಯ ವೇದಿಕೆಗೆ ಬಂದದ್ದು ಶಾಂತಿನಿಕೇತನದ ಹಬ್ಬಗಳಿಂದ. ಹಾಡಿನ ಹೊಣೆ ಕವಿಯ ಅಣ್ಣನ ಮೊಮ್ಮಗ ದಿನೇಂದ್ರನಾಥರದು. ರವೀಂದ್ರನಾಥರು ಕಟ್ಟಿದ ರಾಗ ಮರೆತುಹೋಗುವ ಮೊದಲು ಅದನ್ನು ಕಲಿತು ಮಕ್ಕಳಿಗೆ ಕಲಿಸುತ್ತಿದ್ದವರು ಅವರು. ಮಂತ್ರಗಳನ್ನು ಹುಡುಕಿ ಕೊಡಲು ವಿಧುಶೇಖರ ಶಾಸ್ತ್ರಿಗಳೂ ಕ್ಷಿತಿಮೋಹನ ಸೇನರೂ ಇದ್ದರು. ವೇದದ ಮಾತು, ಹಳ್ಳಿಯ ರಂಗೋಲಿ, ಹೊಸ ಹಾಡು ಮೂರೂ ಒಂದೇ ಮರದ ಕೆಳಗೆ ಕೂಡುತ್ತಿದ್ದವು.

1928: ಬೆಂಗಳೂರಿನಿಂದ ಬಕುಳದವರೆಗೆ

1928ರ ಬೇಸಿಗೆಯಲ್ಲಿ ಕವಿ ಇಂಗ್ಲೆಂಡಿಗೆ ಹೊರಟಿದ್ದರು. ಆರೋಗ್ಯ ಕೈಕೊಟ್ಟಿತು. ಪಾಂಡಿಚೇರಿಯಲ್ಲಿ ಅರವಿಂದರನ್ನು ಕಂಡು, ಕೊಲಂಬೊವರೆಗೆ ಹೋಗಿ, ಪ್ರಯಾಣ ಕೈಬಿಟ್ಟು ಜೂನ್‌ನಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ಬ್ರಜೇಂದ್ರನಾಥ ಸೀಲರ ಆತಿಥ್ಯ, ವಾಸ್ತವ್ಯ ಬಾಲಬ್ರೂಯಿಯಲ್ಲಿ. ದೊಡ್ಡ ಮರಗಳ ಆ ಬಂಗಲೆಯಲ್ಲಿ ಕುಳಿತು 'ಶೇಷೇರ್ ಕಬಿತಾ' ಕಾದಂಬರಿಯನ್ನು ಮುಗಿಸಿದರು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಜುಲೈ 14ರಂದು, ಶಾಂತಿನಿಕೇತನದಲ್ಲಿ ಮೊದಲ ವೃಕ್ಷಾರೋಪಣ ಉತ್ಸವ ನಡೆಯಿತು.

ಇದಕ್ಕೆ ಬೀಜ ಮೂರು ವರ್ಷ ಹಿಂದೆಯೇ ಬಿದ್ದಿತ್ತು. 1925ರ ಹುಟ್ಟುಹಬ್ಬದಂದು ಕವಿ ತಮ್ಮ ಮನೆಗಳ ಆವರಣವಾದ ಉತ್ತರಾಯಣದ ಬಳಿ ಅಶ್ವತ್ಥ, ಆಲ, ಬಿಲ್ವ, ನೆಲ್ಲಿ, ಅಶೋಕ ಈ ಐದು ಗಿಡಗಳ ಪಂಚವಟಿ ನೆಟ್ಟಿದ್ದರು. 1928ರಲ್ಲಿ ಅದು ಊರ ಹಬ್ಬವಾಯಿತು.

ಅಂದು ನೆಟ್ಟದ್ದು ಸೊಸೆ ಪ್ರತಿಮಾದೇವಿ ಕುಂಡದಲ್ಲಿ ಬೆಳೆಸಿದ್ದ ಬಕುಳದ ಗಿಡ. ಆಕೆ ಆಗ ವಿದೇಶದಲ್ಲಿದ್ದುದರಿಂದ ಕವಿ ಪತ್ರ ಬರೆದು, ಜಗತ್ತಿನ ಬೇರಾವ ಗಿಡಕ್ಕೂ ಇಂಥ ಭಾಗ್ಯ ಬಂದಿರಲಾರದು ಎಂಬರ್ಥದಲ್ಲಿ ಹಿಗ್ಗಿದರು. ಅದು ಉತ್ಪ್ರೇಕ್ಷೆಯಲ್ಲ. ಸಿಂಗರಿಸಿಕೊಂಡ ಹೆಣ್ಣುಮಕ್ಕಳು ಶಂಖ ಊದುತ್ತಾ ಹಾಡುತ್ತಾ ಸಸಿಯನ್ನು ಕರೆತಂದರು. ಶಾಸ್ತ್ರಿಗಳು ಸಂಸ್ಕೃತ ಶ್ಲೋಕ ಹೇಳಿದರು. ಕವಿ ಆರು ಕವಿತೆ ಓದಿದರು. ಪೃಥ್ವಿ, ಜಲ, ತೇಜ, ವಾಯು, ಆಕಾಶಗಳಿಗೆ ಒಂದೊಂದು, ಕೊನೆಗೆ ಗಿಡಕ್ಕೊಂದು ಮಂಗಳ. ಈ ಕವಿತೆಗಳು ಮುಂದೆ 'ವನವಾಣಿ' ಸಂಕಲನಕ್ಕೆ ಸೇರಿದವು. 'ಬಲಾಯಿ' ಕಥೆಯನ್ನು ಕವಿ ಓದಿದ್ದೂ ಈ ಉತ್ಸವದಲ್ಲಿಯೇ. ದಾರಿಯ ನಡುವೆ ಎದ್ದ ಬೂರುಗದ ಗಿಡವೊಂದನ್ನು ಕಡಿಯಬೇಡಿರೆಂದು ಬೇಡಿಕೊಳ್ಳುವ, ತಾಯಿಯಿಲ್ಲದ ಹುಡುಗನ ಕಥೆ ಅದು.

ಉತ್ಸವದ ಚೌಕಟ್ಟು ಇವತ್ತಿಗೂ ಹೆಚ್ಚುಕಡಿಮೆ ಅದೇ. ಎಲೆ ಹೂಗಳಿಂದ ಸಿಂಗರಿಸಿದ ಪಲ್ಲಕ್ಕಿಯಲ್ಲಿ ಸಸಿ ಬರುತ್ತದೆ, ಮೇಲೆ ಛತ್ರಿ ಹಿಡಿದಿರುತ್ತಾರೆ. ಪಂಚಭೂತಗಳ ವೇಷದ ಐವರು ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು, ಈ ಗಿಡವನ್ನು ನಾವು ಕಾಯುತ್ತೇವೆ ಎಂದು ಮಾತು ಕೊಡುತ್ತಾರೆ. ಮರಳುಗಾಡನ್ನು ಗೆಲ್ಲಲು ಬಂದ ವೀರನೆಂದು ಸಸಿಯನ್ನು ಕೊಂಡಾಡುವ ಹಾಡು ಮೆರವಣಿಗೆಯ ಉದ್ದಕ್ಕೂ ನಡೆಯುತ್ತದೆ. ಕೊರಕಲು ಬಿದ್ದ ಕೆಂಪು ಬಯಲನ್ನು ಕಂಡವರಿಗೆ ಆ ಹಾಡಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

1928ರ ಆ ಮೊದಲ ಉತ್ಸವದ ಮರುದಿನವೇ ಪಕ್ಕದ ಗ್ರಾಮೀಣ ಕೇಂದ್ರವಾದ ಶ್ರೀನಿಕೇತನದಲ್ಲಿ ಹಲಕರ್ಷಣ, ಅಂದರೆ ನೇಗಿಲು ಹೂಡುವ ಹಬ್ಬ. ನಮ್ಮ ರೈತರ ಹೊನ್ನಾರಿನಂತೆ ಸಿಂಗರಿಸಿದ ಎತ್ತುಗಳು, ಆಲ್ಪನಾ ಬರೆದ ನೆಲ. 67 ವರ್ಷದ ಕವಿ ತಾವೇ ನೇಗಿಲ ಮೇಣಿ ಹಿಡಿದರು. ನಂದಲಾಲ್ ಬೋಸ್ ಇದನ್ನು ಶ್ರೀನಿಕೇತನದ ಗೋಡೆಯ ಮೇಲೆ ಭಿತ್ತಿಚಿತ್ರವಾಗಿ ಬರೆದರು.

ಡೆವನ್‌ಗೆ ಹೋದ ನೆರಳು

ಶ್ರೀನಿಕೇತನವನ್ನು 1922ರಲ್ಲಿ ಕಟ್ಟಿ ನಿಲ್ಲಿಸಿದ ಇಂಗ್ಲಿಷ್ ಕೃಷಿತಜ್ಞ ಲೆನಾರ್ಡ್ ಎಲ್ಮ್‌ಹರ್ಸ್ಟ್ ತಮ್ಮ ದೇಶಕ್ಕೆ ಮರಳಿ, ಹೆಂಡತಿ ಡೊರೊತಿಯೊಂದಿಗೆ 1925ರಲ್ಲಿ ಡೆವನ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿದ್ದ ಡಾರ್ಟಿಂಗ್‌ಟನ್ ಹಾಲ್ ಎಂಬ ಪಾಳುಬಿದ್ದ ಹಳೆಯ ಮಹಲನ್ನು ಕೊಂಡರು. ಶಾಲೆ, ಬೇಸಾಯ, ಕಲೆ ಮೂರೂ ಒಂದೇ ತೋಟದಲ್ಲಿ ಇರಬೇಕೆಂಬ ಶ್ರೀನಿಕೇತನದ ಪಾಠವನ್ನು ಅಲ್ಲಿ ಪ್ರಯೋಗಿಸಿದರು. 1953ರಿಂದ ಅಲ್ಲಿ ನಡೆದ ಬೇಸಿಗೆಯ ಸಂಗೀತ ಶಿಬಿರಗಳು ಯುರೋಪಿನ ಸಂಗೀತಲೋಕದಲ್ಲಿ ಹೆಸರು ಮಾಡಿದವು.

ಮಣ್ಣಿನ ಮನೆ, ಕೊನೆಯ ಹೊಸ ವರ್ಷ

ಬೇಸಿಗೆಯ ಧಗೆಗೆ ಕವಿ ಕಂಡುಕೊಂಡ ಇನ್ನೊಂದು ಉತ್ತರ 'ಶ್ಯಾಮಲಿ'. ಸುರೇಂದ್ರನಾಥ ಕರ್ ವಿನ್ಯಾಸ ಮಾಡಿದ ಈ ಮನೆಯ ಗೋಡೆಯೂ ಮಣ್ಣು, ಛಾವಣಿಯೂ ಮಣ್ಣು. ಗೋಡೆಯೊಳಗೆ ಮಡಕೆಗಳನ್ನು ಅಡ್ಡಡ್ಡ ಜೋಡಿಸಿ ಸೆಕೆ ಒಳಬರದಂತೆ ಮಾಡಿದ್ದರು. ಹೊರಗೋಡೆಯ ಉಬ್ಬುಚಿತ್ರಗಳಿಗೆ ನಂದಲಾಲ್ ಮತ್ತು ಶಿಲ್ಪಿ ರಾಮಕಿಂಕರ್ ಬೈಜ್ ಕೈಹಚ್ಚಿದರು. 1935ರ ಹುಟ್ಟುಹಬ್ಬದಂದು ಗೃಹಪ್ರವೇಶ. ಸುತ್ತಲಿನ ಉತ್ತರಾಯಣದ ತೋಟ ಮಗ ರಥೀಂದ್ರನಾಥರ ಕೈಗೆಲಸ. ಅಮೆರಿಕದ ಇಲಿನಾಯ್‌ನಲ್ಲಿ ಕೃಷಿವಿಜ್ಞಾನ ಓದಿ ಬಂದ ಅವರಿಗೆ ಗಿಡಮರವೇ ಖಯಾಲಿ.

1941ರ ಏಪ್ರಿಲ್ 14ರ ಹೊಸ ವರ್ಷ ಇದೇ ಉತ್ತರಾಯಣದಲ್ಲಿ ನಡೆಯಿತು. ಕವಿಗೆ ಎಂಬತ್ತು ತುಂಬುವ ಹುಟ್ಟುಹಬ್ಬವೂ ಅಂದೇ. ಯುರೋಪಿನಲ್ಲಿ ಯುದ್ಧ ಉರಿಯುತ್ತಿತ್ತು. ಇಂಗ್ಲಿಷರ ನಾಗರಿಕತೆಯ ಮೇಲೆ ತಾವಿಟ್ಟ ನಂಬಿಕೆ ಮುರಿದುಬಿದ್ದದ್ದನ್ನು ಹೇಳುವ 'ಸಭ್ಯತಾರ್ ಸಂಕಟ್' ಭಾಷಣವನ್ನು ಕವಿ ಸಿದ್ಧಪಡಿಸಿದ್ದರು. ಅವರ ಎದುರಿನಲ್ಲೇ ಕ್ಷಿತಿಮೋಹನ ಸೇನ್ ಅದನ್ನು ಓದಿದರು. ಆ ವರ್ಷ ಆಗಸ್ಟ್ 7ರಂದು, ಶ್ರಾವಣ 22ರಂದು, ಕೋಲ್ಕತ್ತದಲ್ಲಿ ಕವಿ ಕಣ್ಮುಚ್ಚಿದರು. ಆಮೇಲೆ ವೃಕ್ಷಾರೋಪಣ ಆ ತಿಥಿಗೆ ಬಂತು: ಪುಣ್ಯತಿಥಿಯಂದು ಗಿಡ ನೆಡುವುದು, ಮರುದಿನ ಶ್ರೀನಿಕೇತನದಲ್ಲಿ ನೇಗಿಲು ಹೂಡುವುದು.

ಜನಸಾಗರ ಮತ್ತು ತೋಪು

ನೂರಿನ್ನೂರು ಮಂದಿಗೆಂದು ಶುರುವಾದ ವಸಂತೋತ್ಸವಕ್ಕೆ ಕೋಲ್ಕತ್ತದಿಂದ ರೈಲು ತುಂಬಿ ಜನ ಬರತೊಡಗಿದಾಗ ಮಾವಿನ ತೋಪು ಸಾಲದಾಯಿತು. ಕಾರ್ಯಕ್ರಮವನ್ನು ತೆರೆದ ಮೈದಾನಕ್ಕೆ ಒಯ್ದರು, ಅಲ್ಲಿಯೂ ನೂಕುನುಗ್ಗಲು. 2020ರಲ್ಲಿ ಕೋವಿಡ್‌ನಿಂದ ಹಬ್ಬ ನಿಂತಿತು. ಮುಂದಿನ ವರ್ಷಗಳಲ್ಲಿ ವಿಶ್ವಭಾರತಿ ಅದನ್ನು ಹೆಚ್ಚಾಗಿ ತನ್ನ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಮಟ್ಟಿಗೇ ಇಟ್ಟುಕೊಂಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಮರಗಳ ಬುಡವನ್ನೂ ಹಳೆಯ ಕಟ್ಟಡಗಳನ್ನೂ ಕಾಯುವ ಹೊಣೆ ಇನ್ನಷ್ಟು ಬಿಗಿಯಾಗಿದೆ. ಹಬ್ಬ ಎಲ್ಲರದೂ ಆಗಬೇಕೆಂಬವರಿಗೂ ತೋಪು ಉಳಿಯಬೇಕೆಂಬವರಿಗೂ ನಡುವೆ ಬೋಲ್ಪುರದಲ್ಲಿ ಪ್ರತಿವರ್ಷ ವಾದ ನಡೆಯುತ್ತದೆ. ಬಣ್ಣದ ಹಬ್ಬಕ್ಕೆ ಬರುವ ಪ್ರವಾಸಿಗರನ್ನೇ ನಂಬಿದ ವಸತಿಗೃಹಗಳು, ಟೊಟೊ ಎಂಬ ಬ್ಯಾಟರಿ ರಿಕ್ಷಾದವರು, ಸೋನಾಝುರಿ ಸಂತೆಯ ಕುಶಲಕರ್ಮಿಗಳು ಕೂಡ ಈ ವಾದದ ಒಂದು ಪಕ್ಷ.

ಹುಟ್ಟುಹಬ್ಬ ಈಗ ವೈಶಾಖ 25ಕ್ಕೂ ಮರಳಿದೆ. ಹೊಸ ವರ್ಷದ ಆಚರಣೆ ತನ್ನ ಪಾಡಿಗೆ ಏಪ್ರಿಲ್‌ನಲ್ಲಿ ನಡೆಯುತ್ತದೆ. ಹಿಂದಿನ ಸಂಜೆ ಗಾಜಿನ ಉಪಾಸನಾ ಮಂದಿರದಲ್ಲಿ ವರ್ಷಾಂತ್ಯದ ಪ್ರಾರ್ಥನೆ, ಬೆಳಗಾದರೆ ಹೊಸ ವರ್ಷದ ಪ್ರಾರ್ಥನೆ. ಮೇ ತಿಂಗಳ ದಿನಕ್ಕೂ ಅದೇ ಅನುಕ್ರಮ: ನಸುಕಿಗೆ ವೈತಾಲಿಕ, ಆಮೇಲೆ ಮಂದಿರದಲ್ಲಿ ಉಪಾಸನೆ, ಅದಾದ ಮೇಲೆ ಮಾಧವಿ ವಿತಾನವೆಂಬ ಬಳ್ಳಿಚಪ್ಪರದಲ್ಲಿ ಹಾಡು. ಬಿಸಿಲು ನೆತ್ತಿಗೇರುವ ಮುನ್ನ ಇವೆಲ್ಲವನ್ನೂ ಮುಗಿಸಬೇಕೆಂದು ಕಾರ್ಯಕ್ರಮದ ವೇಳಾಪಟ್ಟಿಯನ್ನು ಹಾಕುತ್ತಾರೆ.