ಗುರುಗುಂಟಾ ಸೀಮೆಯ ಪುರುಷನಾಮಗಳು

ಗುರುಗುಂಟಾ ಸೀಮೆಯ ಪುರುಷನಾಮಗಳು ಎಂದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಹಾಗೂ ಅದರ ಸುತ್ತಲಿನ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಭಾಗಗಳಲ್ಲಿ ಗಂಡುಮಕ್ಕಳಿಗೆ ಪರಂಪರೆಯಿಂದ ಇಡುತ್ತ ಬಂದ ಹೆಸರುಗಳು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದ ಹೆಸರುಗಳಲ್ಲಿ ಊರದೇವರು, ಶರಣರು, ದಾಸರು, ಸೂಫಿ ಸಂತರು ಹಾಗೂ ಹಿರಿಯರ ನೆನಪುಗಳು ಒಟ್ಟಿಗೆ ಸೇರಿವೆ. ಇವುಗಳಲ್ಲಿ ಕೆಲವು ಅತಿಯಾಗಿ ಬಳಕೆಯಾಗಿ ಒಂದೇ ಓಣಿಯಲ್ಲಿ ಹಲವರಿಗೆ ಇರುವಂತಾಗಿವೆ. ಇನ್ನು ಕೆಲವು ಅಷ್ಟೇ ಹಳೆಯವಾದರೂ ತೊಟ್ಟಿಲ ಬಳಿ ಕೇಳಿಸುವುದು ಅಪರೂಪವಾಗಿದೆ. ಮಗುವಿಗೆ ಸಾಂಪ್ರದಾಯಿಕವಾದ, ಆದರೆ ಸವೆಯದ ಹೆಸರನ್ನು ಬಯಸುವವರಿಗೆ ಈ ಎರಡನೆಯ ಗುಂಪು ಮುಖ್ಯವಾದುದು.

ಅಮರೇಶ್ವರ ಮತ್ತು ‘ಅಮರ’ ಮೂಲದ ಹೆಸರುಗಳು

ಗುರುಗುಂಟಾ ನಿಜಾಮರ ಕಾಲದಲ್ಲಿ ಹೈದರಾಬಾದ್ ರಾಜ್ಯದ ಅಧೀನದಲ್ಲಿದ್ದ ಒಂದು ಚಿಕ್ಕ ಸಂಸ್ಥಾನವಾಗಿತ್ತು. ಆದರೆ ಸುತ್ತಲಿನ ಜನರಿಗೆ ಈ ಊರು ಸಂಸ್ಥಾನಕ್ಕಿಂತ ಹೆಚ್ಚಾಗಿ ಸಮೀಪದ ಅಮರೇಶ್ವರ ದೇವಸ್ಥಾನದಿಂದ ಪರಿಚಿತ. ಮಕ್ಕಳಾಗಲೆಂದು, ಹುಟ್ಟಿದ ಮಗು ಉಳಿಯಲೆಂದು ಇಲ್ಲಿ ಹರಕೆ ಹೊರುವವರು ಹಲವರು. ಹರಕೆಯ ಮಗುವಿಗೆ ದೇವರ ಹೆಸರನ್ನೇ ಇಡುವುದು ವಾಡಿಕೆಯಾದ್ದರಿಂದ ಅಮರೇಶ, ಅಮರಪ್ಪ, ಅಮರಯ್ಯ, ಅಮರೇಗೌಡ, ಹೆಣ್ಣುಮಕ್ಕಳಲ್ಲಿ ಅಮರಮ್ಮ ಎಂಬ ಹೆಸರುಗಳು ಈ ಸೀಮೆಯ ಗುರುತಾಗಿವೆ. ದೂರದ ಊರಿನಲ್ಲಿ ‘ಅಮರೇಗೌಡ’ ಎಂಬ ಹೆಸರು ಕಿವಿಗೆ ಬಿದ್ದರೆ, ಆತ ರಾಯಚೂರು ಅಥವಾ ಕೊಪ್ಪಳದ ಕಡೆಯವನೆಂದು ಊಹಿಸುವವರಿದ್ದಾರೆ.

ಹೆಸರಿನ ಕೊನೆಯ ಭಾಗ ಕೇವಲ ಅಲಂಕಾರವಲ್ಲ. ‘ಗೌಡ’ ಎಂಬುದು ಊರಿನ ಗೌಡಿಕೆ ಅಥವಾ ಒಕ್ಕಲುತನದ ಮನೆತನವನ್ನು, ‘ಅಯ್ಯ’ ಎಂಬುದು ಹಲವು ಕಡೆ ಜಂಗಮ ಮನೆತನವನ್ನು ಸೂಚಿಸುತ್ತದೆ. ‘ಅಪ್ಪ’ ಮತ್ತು ‘ಅಣ್ಣ’ ಎಲ್ಲ ಸಮುದಾಯಗಳಲ್ಲಿಯೂ ಇವೆ. ಇದರ ಮೇಲೆ ಅಡ್ಡಹೆಸರು, ಅದರ ಮೇಲೆ ಊರಿನ ಹೆಸರು ಸೇರುವುದೂ ಉಂಟು. ಲಿಂಗಸುಗೂರು ಮತ್ತು ಕುಷ್ಟಗಿ ಕ್ಷೇತ್ರಗಳಿಂದ ವಿಧಾನಸಭೆಗೆ ಆಯ್ಕೆಯಾದ ಅಮರೇಗೌಡ ಪಾಟೀಲ ಬಯ್ಯಾಪುರ ಅವರ ಹೆಸರಿನಲ್ಲಿ ದೇವರು, ಮನೆತನ, ಊರು ಮೂರೂ ಅನುಕ್ರಮವಾಗಿ ಬಂದಿವೆ.

ಶಾಲೆಯ ಒಂದೇ ತರಗತಿಯಲ್ಲಿ ಇಬ್ಬರು ಮೂವರು ಅಮರೇಶರಿದ್ದಾಗ ತಂದೆಯ ಹೆಸರಿನಿಂದಲೋ ಅಡ್ಡಹೆಸರಿನಿಂದಲೋ ಅವರನ್ನು ಬೇರ್ಪಡಿಸಬೇಕಾಗುತ್ತದೆ. ಬಸವರಾಜ, ಶರಣಪ್ಪ, ಮಲ್ಲಿಕಾರ್ಜುನ, ಹನುಮಂತ ಎಂಬ ಹೆಸರುಗಳ ಸ್ಥಿತಿಯೂ ಇದೇ. ಶರಣಪ್ಪ, ಶರಣಬಸವ ಎಂಬವು ಕಲಬುರಗಿಯ ಶರಣಬಸವೇಶ್ವರರ ಪ್ರಭಾವದಿಂದ ಹರಡಿದವು. ಮಲ್ಲಿಕಾರ್ಜುನ ಶ್ರೀಶೈಲದ ದೇವರಾದರೂ ಮಸ್ಕಿಯ ಬೆಟ್ಟದ ಮೇಲಿನ ಮಲ್ಲಿಕಾರ್ಜುನನಿಂದ ಸ್ಥಳೀಯನೇ ಆಗಿದ್ದಾನೆ.

ಮಾರಯ್ಯ: ಮರೆಯಾದ ಒಂದು ಹೆಸರು

ಅಮರೇಶ್ವರನ ಹೆಸರು ಮನೆಮನೆಯಲ್ಲಿ ಉಳಿಯಿತು. ಅವನ ಭಕ್ತನ ಹೆಸರು ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇದೇ ಅಮರೇಶ್ವರದವರೆಂದು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’, ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಕಲ್ಯಾಣಕ್ಕೆ ಹೋಗಿ ಅಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಇವರ ಕಾಯಕವಾಗಿತ್ತು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಕನ್ನಡ ಶಾಲೆಗಳ ಮಕ್ಕಳಿಗೂ ಪರಿಚಿತ.

ಹೀಗೆ ಹೆಂಡತಿಯ ಅಂಕಿತದಲ್ಲಿಯೇ ಸ್ಥಾನ ಪಡೆದ ‘ಮಾರಯ್ಯ’ ಎಂಬ ಹೆಸರು ಇಂದು ಹೊಸದಾಗಿ ಹುಟ್ಟಿದ ಮಗುವಿಗೆ ಇಡುವುದು ವಿರಳ. ‘ಮಾರ’ ಎಂಬುದನ್ನು ಸಂಸ್ಕೃತದ ಮನ್ಮಥವಾಚಕದೊಡನೆ ಕೆಲವರು ಸೇರಿಸಿದರೆ, ಗ್ರಾಮದೇವತೆ ಮಾರಿಯೊಡನೆ ಇನ್ನು ಕೆಲವರು ಸೇರಿಸುತ್ತಾರೆ. ಅರ್ಥ ಯಾವುದೇ ಇರಲಿ, ಹೆಸರು ಹಿಂದೆ ಸರಿದುದಕ್ಕೆ ಅರ್ಥವೊಂದೇ ಕಾರಣವಲ್ಲ. ದುಡಿಯುವ ಮತ್ತು ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳ ಪುರುಷರನ್ನು ಮೇಲ್ಜಾತಿಯವರು ಗೌರವಸೂಚಕ ಪ್ರತ್ಯಯವನ್ನು ಕಳಚಿ ‘ಮಾರ’, ‘ಯಂಕ’, ‘ಹುಲಿಗ’ ಎಂದು ಕರೆಯುವ ಪದ್ಧತಿ ಬಹುಕಾಲ ನಡೆಯಿತು. ವಯಸ್ಸಾದವನನ್ನೂ ಚಿಕ್ಕ ಹುಡುಗ ಏಕವಚನದಲ್ಲಿ ಕೂಗುತ್ತಿದ್ದ ಕಾಲವದು. ಆ ನೋವನ್ನು ಕಂಡವರು ತಮ್ಮ ಮಕ್ಕಳಿಗೆ ಅದೇ ಹೆಸರನ್ನು ಇಡಲು ಹಿಂಜರಿದುದು ಸಹಜವೇ ಆಗಿದೆ.

ಈ ಹಿನ್ನೆಲೆಯಲ್ಲಿ ಶರಣರ ಹೆಸರುಗಳ ಕೊನೆಯ ‘ಅಯ್ಯ’ವನ್ನು ಗಮನಿಸಬೇಕು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ: ಕಾಯಕ ಮೊದಲು, ಗೌರವ ಕೊನೆಗೆ. ಒಂದು ಸಮಾಜ ಕಳಚಿದ ಅಕ್ಷರವನ್ನು ಇನ್ನೊಂದು ಕಾಲ ಎಲ್ಲರಿಗೂ ಸಮನಾಗಿ ಹಚ್ಚಿತ್ತು. ಕೇತಯ್ಯ, ಚಂದಯ್ಯ, ಬೊಮ್ಮಯ್ಯ, ಮಾಚಯ್ಯ ಎಂಬ ಹೆಸರುಗಳು ಉಚ್ಚಾರಣೆಗೆ ಸುಲಭ, ಚರಿತ್ರೆಯಲ್ಲಿ ಆಳ, ಬಳಕೆಯಲ್ಲಿ ವಿರಳ. ‘ಬೊಮ್ಮ’ ಎಂಬುದು ‘ಬ್ರಹ್ಮ’ದ ತದ್ಭವ, ‘ಬಸವ’ ಎಂಬುದು ‘ವೃಷಭ’ದ ತದ್ಭವ. ಮೊದಲನೆಯದು ಹಳೆಯದೆಂದು ಬದಿಗೆ ಸರಿದರೆ ಎರಡನೆಯದು ಇಂದಿಗೂ ಎಲ್ಲೆಡೆ ಇದೆ. ಹಳತನವೇ ದೋಷವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನೆರೆಯ ಕ್ಷೇತ್ರಗಳಿಂದ ಬಂದ ಹೆಸರುಗಳು

ಗುರುಗುಂಟಾದ ಸುತ್ತ ಒಂದು ದಿನದ ಪ್ರಯಾಣದಲ್ಲಿ ಸಿಗುವ ಪ್ರತಿಯೊಂದು ಕ್ಷೇತ್ರವೂ ತನ್ನದೊಂದು ಹೆಸರನ್ನು ಈ ಸೀಮೆಗೆ ಕೊಟ್ಟಿದೆ. ಕೃಷ್ಣೆಯ ಆಚೆ ದಡದ ತಿಂಥಣಿಯ ಮೌನೇಶ್ವರರಿಂದ ಮೌನೇಶ, ಮೋನಪ್ಪ, ಮಾನಪ್ಪ ಎಂಬ ಹೆಸರುಗಳು ಬಂದಿವೆ. ರಾಯಚೂರಿನ ಬಳಿಯ ದೇವಸುಗೂರಿನ ಸೂಗೂರೇಶ್ವರನಿಂದ ಸೂಗಪ್ಪ, ಸೂಗೂರೇಶ. ತುಂಗಭದ್ರೆಯ ದಡದ ಹುಲಿಗಿಯ ಹುಲಿಗೆಮ್ಮನಿಂದ ಹುಲಗಪ್ಪ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾದೇವಿಯಿಂದ ಅಂಬಣ್ಣ. ಕೊಪ್ಪಳದ ಗವಿಮಠದಿಂದ ಗವಿಸಿದ್ಧಪ್ಪ. ಇವುಗಳಲ್ಲಿ ಸೂಗೂರೇಶ ಮತ್ತು ಮೌನೇಶ ಎಂಬವು ಹೊಸ ಕಾಲದ ಕಿವಿಗೂ ಒಗ್ಗುತ್ತವೆ. ‘ಸೂಗಪ್ಪ’ನನ್ನು ಬೇರೆ ಜಿಲ್ಲೆಯವರು ಒಮ್ಮೆಗೆ ಗ್ರಹಿಸದಿರಬಹುದು, ಆದರೆ ಅಷ್ಟು ಸ್ಥಳೀಯವಾದ ಹೆಸರು ಮತ್ತೊಂದು ಸಿಗುವುದು ಕಷ್ಟ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಈ ಭಾಗದ ದೊಡ್ಡ ಆಚರಣೆಗಳಲ್ಲಿ ಒಂದು. ಅಲ್ಲಿನ ಅಲಾಯಿ ದೇವರುಗಳಿಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಅದರ ಫಲವಾಗಿ ಹಿಂದೂ ಕುಟುಂಬಗಳಲ್ಲಿ ಹುಸೇನಪ್ಪ, ಲಾಲಪ್ಪ, ಮೌಲಪ್ಪ, ಖಾಜಪ್ಪ, ಫಕೀರಪ್ಪ ಎಂಬ ಹೆಸರುಗಳು ಬಂದಿವೆ. ಅರಬ್ಬಿ ಅಥವಾ ಫಾರ್ಸಿ ಮೂಲದ ಪದಕ್ಕೆ ಕನ್ನಡದ ‘ಅಪ್ಪ’ ಸೇರಿದ ಈ ರೂಪಗಳು ವ್ಯಾಕರಣದ ದೃಷ್ಟಿಯಿಂದಲೂ ಕುತೂಹಲಕರ. ಇತ್ತೀಚಿನ ದಶಕಗಳಲ್ಲಿ ಹೊಸ ಮಕ್ಕಳಿಗೆ ಇವುಗಳನ್ನು ಇಡುವುದು ಕಡಿಮೆಯಾಗುತ್ತಿದೆ. ಹುಸೇನಪ್ಪ ಎಂಬ ಅಜ್ಜನಿರುವ ಮನೆಯಲ್ಲಿ ಮೊಮ್ಮಗನಿಗೆ ಆ ಹೆಸರು ಬರದಿದ್ದರೆ, ಒಂದು ಹರಕೆಯ ನೆನಪೂ ಅಲ್ಲಿಗೆ ನಿಲ್ಲುತ್ತದೆ.

ಇದೇ ಜಿಲ್ಲೆಯ ಹರಿದಾಸರ ಪೂರ್ವಾಶ್ರಮದ ಹೆಸರುಗಳೂ ಗಮನಾರ್ಹ. ಚೀಕಲಪರವಿಯ ವಿಜಯದಾಸರ ಮೊದಲ ಹೆಸರು ದಾಸಪ್ಪ, ಮೊಸರುಕಲ್ಲಿನ ಗೋಪಾಲದಾಸರದು ಭಾಗಣ್ಣ. ‘ವಿಜಯ’, ‘ಗೋಪಾಲ’ ಎಂಬ ಅಂಕಿತಗಳು ನಾಡಿಗೆಲ್ಲ ಹರಡಿದವು. ತಾಯಿ ತೊಟ್ಟಿಲಲ್ಲಿ ಕರೆದ ಹೆಸರು ಹಿಂದೆ ಉಳಿಯಿತು. ಮಸ್ಕಿಯ ಬಂಡೆಯೂ ಒಂದು ಹೆಸರನ್ನು ಕಾಪಾಡಿದೆ. 1915ರಲ್ಲಿ ಅಲ್ಲಿ ಪತ್ತೆಯಾದ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ವೈಯಕ್ತಿಕ ಹೆಸರು ಇದ್ದುದರಿಂದ, ಶಿಲಾಶಾಸನಗಳ ದೊರೆ ಮೌರ್ಯ ಅಶೋಕನೇ ಎಂಬುದು ದೃಢಪಟ್ಟಿತು. ಮುಂದೆ ಗುಜರ್ರಾ, ನಿಟ್ಟೂರು ಮತ್ತು ಉದೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು.

ರಕ್ಷಣೆಯ ಹೆಸರುಗಳು

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ಬೇಕೆಂದೇ ಒರಟಾದ ಹೆಸರು ಇಡುವ ಪದ್ಧತಿ ಕರ್ನಾಟಕದ ಹಲವೆಡೆ ಇದ್ದಂತೆ ಇಲ್ಲಿಯೂ ಇತ್ತು. ಮಗುವನ್ನು ಒಂದು ಕ್ಷಣ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಕರೆಯುತ್ತಿದ್ದರು. ತಿರುಕಪ್ಪ, ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪ ಎಂಬ ಹೆಸರುಗಳನ್ನೂ ಇಂತಹ ಸಂದರ್ಭದಲ್ಲಿ ಇಡುತ್ತಿದ್ದುದುಂಟು. ಬೇಡವಾದ ವಸ್ತುವೆಂದು ಭಾವಿಸಿ ಮೃತ್ಯು ದೃಷ್ಟಿ ಹಾಯಿಸದಿರಲಿ ಎಂಬುದು ಇದರ ಆಶಯ. ನಗರದಲ್ಲಿ ಈ ಹೆಸರುಗಳನ್ನು ಕೇಳಿ ನಗುವವರಿಗೆ ಅವುಗಳ ಹಿಂದಿನ ಸಾವುಗಳ ಅರಿವಿರುವುದಿಲ್ಲ. ಶಿಶುಮರಣ ಇಳಿದಂತೆ ಈ ಹೆಸರುಗಳ ಅಗತ್ಯವೂ ಇಳಿಯಿತು. ಹಾಗಾಗಿ ಇವು ಮರೆಯಾಗುತ್ತಿರುವುದನ್ನು ನಷ್ಟವೆಂದು ಮಾತ್ರ ಎಣಿಸುವಂತಿಲ್ಲ.

ಹೆಸರಿಡುವ ಕ್ರಮ

ಹೆಸರಿಡುವ ದಿನ ಮನೆತನದಿಂದ ಮನೆತನಕ್ಕೆ ಬೇರೆಯಾಗಿದ್ದು, ತೊಟ್ಟಿಲಿಗೆ ಹಾಕುವ ಕಾರ್ಯದೊಡನೆ ನಡೆಯುತ್ತದೆ. ಮಗುವಿನ ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರನ್ನು ಉಸುರುತ್ತಾಳೆ. ಸುತ್ತ ನಿಂತ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ನಗುತ್ತ ಗುದ್ದುತ್ತಾರೆ. ಬಳಿಕ ಜೋಗುಳ, ಗುಗ್ಗರಿ ಹಂಚುವುದು. ಹೆಸರನ್ನು ಮೊದಲು ನುಡಿಯುವ ಈ ಹಕ್ಕಿನಿಂದಾಗಿ ಹೆಸರಿನ ಆಯ್ಕೆಯಲ್ಲಿಯೂ ಸೋದರತ್ತೆಯ ಮಾತಿಗೆ ತೂಕವಿದೆ.

ಹಿರಿಯ ಮಗನಿಗೆ ತೀರಿಹೋದ ಅಜ್ಜನ ಹೆಸರಿಡುವುದು ವ್ಯಾಪಕ ರೂಢಿ. ಆದರೆ ಸೊಸೆ ಮಾವನ ಹೆಸರನ್ನು ಬಾಯಿಂದ ಹೇಳಬಾರದೆಂಬ ಕಟ್ಟಳೆಯಿದ್ದುದರಿಂದ, ತಾಯಿ ತನ್ನ ಮಗನನ್ನೇ ಅವನ ಹೆಸರಿನಿಂದ ಕರೆಯಲಾಗದೆ ಮತ್ತೊಂದು ಹೆಸರಿನಿಂದ ಕರೆಯುತ್ತಿದ್ದಳು. ಒಬ್ಬನಿಗೇ ಮನೆಯಲ್ಲೊಂದು, ಶಾಲೆಯಲ್ಲೊಂದು ಹೆಸರು ಇರುವುದಕ್ಕೆ ಇದೂ ಒಂದು ಕಾರಣ. ಜನ್ಮನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರವನ್ನು ನೋಡುವ ಕುಟುಂಬಗಳಿಗೂ ಹಳೆಯ ಹೆಸರುಗಳು ಅಡ್ಡಿಯಾಗುವುದಿಲ್ಲ: ಮಘಾ ನಕ್ಷತ್ರದ ಮೊದಲ ಪಾದಕ್ಕೆ ‘ಮಾ’ ಬರುವುದರಿಂದ ಮಾರಯ್ಯ ಅಥವಾ ಮಾಚಯ್ಯ, ರೇವತಿಯ ಮೂರನೆಯ ಪಾದಕ್ಕೆ ‘ಚ’ ಬರುವುದರಿಂದ ಚಂದಯ್ಯ ಹೊಂದುತ್ತವೆ.

ಬದಲಾವಣೆ

1948ರಲ್ಲಿ ಹೈದರಾಬಾದ್ ರಾಜ್ಯವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿದ್ದ ಕಚೇರಿಯ ದಾಖಲೆಗಳು ಕನ್ನಡಕ್ಕೆ ಬಂದವು. ಮಾತಿನ ‘ಯಂಕಪ್ಪ’ ಬರಹದಲ್ಲಿ ‘ವೆಂಕಪ್ಪ’ನಾಗುವುದು, ‘ಈರಪ್ಪ’ ‘ವೀರಪ್ಪ’ನಾಗುವುದು ಶಾಲೆಯ ಹಾಜರಿ ಪುಸ್ತಕಗಳಲ್ಲಿ ಸಾಮಾನ್ಯವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದ ರೈತರ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ಬಂದವರ ಪುನರ್ವಸತಿ ಕಾಲೊನಿಗಳೂ ನೆಲೆಗೊಂಡು, ತೆಲುಗು ಹಾಗೂ ಬಂಗಾಳಿ ಹೆಸರುಗಳು ಅದೇ ಹಾಜರಿ ಪುಸ್ತಕಗಳನ್ನು ಸೇರಿದವು. ಬಳಿಕ ಸಿನಿಮಾ, ದೂರದರ್ಶನಗಳ ಮೂಲಕ ಭಾರತದ ಯಾವ ಊರಿನದೂ ಆಗಬಹುದಾದ ಎರಡು ಮೂರು ಅಕ್ಷರದ ಹೆಸರುಗಳು ಬಂದವು. ವಿಶಿಷ್ಟವಾಗಿರಲೆಂದು ಆರಿಸಿದ ಈ ಹೆಸರುಗಳೇ ಕೆಲವು ವರ್ಷಗಳಲ್ಲಿ ಅಮರೇಶನಿಗಿಂತ ಹೆಚ್ಚು ಸಾಮಾನ್ಯವಾಗುವುದುಂಟು.

ಹಳೆಯ ಹೆಸರನ್ನು ಪೂರ್ತಿಯಾಗಿ ಒಪ್ಪಲು ಅಳುಕುವವರು ಮನೆಯ ಹಿರಿಯರ ಹೆಸರನ್ನು ಎರಡನೆಯ ಹೆಸರಾಗಿ ಸೇರಿಸುವ ಮಾರ್ಗವನ್ನು ಅನುಸರಿಸುತ್ತಾರೆ. ಆದರೆ ಎರಡನೆಯ ಹೆಸರು ದಾಖಲೆಗಳಲ್ಲಿ ಒಂದೇ ಅಕ್ಷರದ ಇನಿಷಿಯಲ್ ಆಗಿ ಕುಗ್ಗಿಬಿಡುತ್ತದೆ. ಕರೆಯುವ ಹೆಸರಾಗಿ ಇಟ್ಟರೆ ಮಾತ್ರ ಅದು ಬಾಯಲ್ಲಿ ಉಳಿಯುತ್ತದೆ.

ನೋಂದಣಿ

ಜನನ ಮರಣ ನೋಂದಣಿ ಅಧಿನಿಯಮ, 1969ರ ಪ್ರಕಾರ ಜನನವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಹೆಸರು ನಿಶ್ಚಯವಾಗದಿದ್ದರೂ ಜನನವನ್ನು ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ, ಆ ಬಳಿಕ 15 ವರ್ಷಗಳವರೆಗೆ ವಿಳಂಬ ಶುಲ್ಕದೊಡನೆ ಸೇರಿಸಲು ಅವಕಾಶವಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ಅವಸರದಿಂದ ಯಾವುದೋ ಒಂದು ಹೆಸರನ್ನು ಬರೆಸುವ ಅಗತ್ಯವಿಲ್ಲ. ಆದರೆ 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಮೊದಲಾದವುಗಳಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕ ಮತ್ತು ಜನ್ಮಸ್ಥಳದ ಆಧಾರವಾಗಿರುವುದರಿಂದ, ಅದರಲ್ಲಿ ಬರೆಸುವ ಹೆಸರಿನ ಕನ್ನಡ ಮತ್ತು ಇಂಗ್ಲಿಷ್ ಕಾಗುಣಿತವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳಿತು. ‘ಗೌಡ’, ‘ಅಯ್ಯ’ ಎಂಬ ಪ್ರತ್ಯಯಗಳನ್ನು ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಲಾಗುತ್ತದೆ. ಪ್ರಮಾಣಪತ್ರದಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದರೆ ತಿದ್ದಿಸಲು ಅಲೆಯಬೇಕಾಗುತ್ತದೆ.