ಮುಡಿಯಪ್ಪ: ಗ್ರೀಕ್ ಹೆಸರೊಂದರ ದ್ರಾವಿಡ ರೂಪ

ವ್ಯಕ್ತಿನಾಮಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಎರಡು ಬಗೆಯಲ್ಲಿ ಸಾಗುತ್ತವೆ. ಧ್ವನಿಯನ್ನು ಉಳಿಸಿಕೊಳ್ಳುವುದು ಒಂದು ಬಗೆ. ಧ್ವನಿಯನ್ನು ಬಿಟ್ಟು ಅರ್ಥವನ್ನು ಉಳಿಸಿಕೊಳ್ಳುವುದು ಮತ್ತೊಂದು. ಗ್ರೀಕ್ ಮೂಲದ 'ಸ್ತೆಫನೋಸ್' ದಕ್ಷಿಣ ಭಾರತದಲ್ಲಿ ಈ ಎರಡೂ ದಾರಿಗಳನ್ನು ಹಿಡಿದಿದೆ. ಕನ್ನಡ ಬೈಬಲಿನ 'ಸ್ತೆಫನ' ಮೊದಲನೆಯದಕ್ಕೆ ನಿದರ್ಶನವಾದರೆ, ತಮಿಳು ಕಥೋಲಿಕ ಪರಂಪರೆಯ 'ಮುಡಿಯಪ್ಪರ್' ಎರಡನೆಯದಕ್ಕೆ ನಿದರ್ಶನ.

ಗ್ರೀಕ್ ಭಾಷೆಯಲ್ಲಿ 'ಸ್ತೆಫನೋಸ್' ಎಂದರೆ ಸ್ಪರ್ಧೆಯಲ್ಲಿ ಗೆದ್ದವನ ತಲೆಗೆ ತೊಡಿಸುವ ಮಾಲೆ, ಕಿರೀಟ. ಕ್ರೈಸ್ತ ಧರ್ಮದ ಪ್ರಥಮ ಹುತಾತ್ಮನೆಂದು ಪ್ರಸಿದ್ಧನಾದ ಸ್ತೆಫನನ ಹಬ್ಬವನ್ನು ಪಾಶ್ಚಾತ್ಯ ಸಭೆಯು ಡಿಸೆಂಬರ್ 26ರಂದು ಆಚರಿಸುತ್ತದೆ. ತಮಿಳಿನಲ್ಲಿ 'ಮುಡಿ' ಎಂದರೆ ಕಿರೀಟ. ಅದಕ್ಕೆ ಗೌರವಸೂಚಕ 'ಅಪ್ಪರ್' ಸೇರಿ 'ಮುಡಿಯಪ್ಪರ್' ಆಯಿತು. ಇದರ ಕನ್ನಡ ರೂಪವೇ 'ಮುಡಿಯಪ್ಪ'. ಪೌಲನಿಗೆ 'ಚಿನ್ನಪ್ಪ', ಯೋಹಾನನಿಗೆ 'ಅರುಳಪ್ಪ' ಎಂಬ ಹೆಸರುಗಳೂ ಅರ್ಥಾನುವಾದದಿಂದಲೇ ಮೂಡಿದವು.

ಇಂಥ ಹೆಸರುಗಳ ಅಧ್ಯಯನಕ್ಕೆ ಕೊಳ್ಳೇಗಾಲ ಸೀಮೆ ವಿಶೇಷ ಮಹತ್ವದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹಿಂದೆ ಕೊಳ್ಳೇಗಾಲಕ್ಕೆ ಸೇರಿದ್ದ ಹನೂರು ಇಂದು ಪ್ರತ್ಯೇಕ ತಾಲ್ಲೂಕು. ಅಲ್ಲಿನ ಮಾರ್ಟಳ್ಳಿ ಭಾಗದಲ್ಲಿ ತಮಿಳು ಮನೆಮಾತಿನ ಕಥೋಲಿಕರು ನೆಲೆಸಿದ್ದಾರೆ.

ಈ ಸೀಮೆಯ ಕನ್ನಡಿಗರಿಗೆ 'ಮುಡಿ' ಎಂದೊಡನೆ ನೆನಪಾಗುವುದು ತಲೆಗೂದಲು. ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಡುವ ಹರಕೆ ಇಂದಿಗೂ ನಡೆಯುತ್ತಿದೆ. ಆದರೆ ಕಿರೀಟವೆಂಬ ಅರ್ಥವೂ ಕನ್ನಡ ನಾಡಿಗೆ ಹೊರತಲ್ಲ. ಮೇಲುಕೋಟೆಯ ವೈರಮುಡಿ, ರಾಜಮುಡಿಗಳು ಇದಕ್ಕೆ ಸಾಕ್ಷಿ.

ಆದ್ದರಿಂದ ಹಳೆಯ ದಾಖಲೆಯಲ್ಲಿ 'ಮುಡಿಯಪ್ಪ' ಎಂಬ ಹೆಸರು ಎದುರಾದಾಗ ಸಂಶೋಧಕರು ಅವಸರದ ತೀರ್ಮಾನಕ್ಕೆ ಬರುವಂತಿಲ್ಲ. ಅದನ್ನು ಹರಕೆಯ ಹೆಸರೆಂದು ಬಗೆದರೆ ಒಂದು ಕ್ರೈಸ್ತ ಮನೆತನವು ಚರಿತ್ರೆಯಿಂದ ಮರೆಯಾಗಬಹುದು. ಕ್ರೈಸ್ತ ಹೆಸರೆಂದೇ ನಿರ್ಧರಿಸಿದರೆ ಇನ್ನೊಂದು ಮನೆತನಕ್ಕೆ ಇಲ್ಲದ ಮತವನ್ನು ಆರೋಪಿಸಿದಂತಾಗಬಹುದು. 'ಚಿನ್ನಪ್ಪ'ನೆಂಬ ಹೆಸರು ಕ್ರೈಸ್ತರಲ್ಲದವರಲ್ಲಿಯೂ ಬಳಕೆಯಲ್ಲಿರುವುದು ಈ ಎಚ್ಚರವನ್ನು ಸಮರ್ಥಿಸುತ್ತದೆ. ಮನೆಮಾತು, ಹಿರಿಯರ ಹೆಸರುಗಳು, ದೀಕ್ಷಾಸ್ನಾನದ ದಾಖಲೆ ಇವುಗಳನ್ನು ಕೂಡಿಸಿ ನೋಡಿದಾಗ ಮಾತ್ರ ಹೆಸರಿನ ಹಿಂದಿರುವ ಚರಿತ್ರೆ ನಿಚ್ಚಳವಾಗುತ್ತದೆ.