ದಿನಕ್ಕೆ ಐದೇ ಮೆಸೇಜ್

2012ರ ಆಗಸ್ಟ್ ನೆನಪಿದೆಯಾ ವೀಕ್ಷಕರೇ? ಬೆಂಗಳೂರು ರೈಲ್ವೆ ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಸಾವಿರಾರು ಜನ ಕಾದಿದ್ದರು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರ್ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು. ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ರಂಜಾನ್ ಮುಗಿದ ಮೇಲೆ ಇಲ್ಲಿ ನಿಮ್ಮ ಮೇಲೂ ದಾಳಿ ಆಗುತ್ತೆ ಅನ್ನೋ ಎಸ್‌ಎಂಎಸ್ ಮೊಬೈಲಿಂದ ಮೊಬೈಲಿಗೆ ಹಾರ್ತಿತ್ತು. ಬಾಂಬಿಲ್ಲ, ಬಂದೂಕಿಲ್ಲ, ಆದರೂ ಊರೇ ಖಾಲಿ. ಆಗಿನ ಗೃಹ ಸಚಿವ ಆರ್. ಅಶೋಕ ಸ್ಟೇಷನ್ನಿಗೇ ಹೋಗಿ ಹೋಗಬೇಡಿ ಅಂತ ಬೇಡಿಕೊಂಡರು. ರೈಲು ಮಾತ್ರ ತುಂಬುತ್ತಲೇ ಇತ್ತು.

ಆಗ ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿತು. ಒಬ್ಬರಿಗೆ ದಿನಕ್ಕೆ 5 ಮೆಸೇಜ್, ಆಮೇಲೆ 20. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಮೆಸೇಜ್ ಓಡೋ ವೇಗಕ್ಕೆ ಪೊಲೀಸ್ ಜೀಪ್ ಓಡಲ್ಲ. ಹಾಗಾಗಿ ಈ ಕ್ರಮಕ್ಕೆ ನನ್ನ ತಕರಾರಿಲ್ಲ. ಹೇಳಿಯೇ ಮಾಡಿದರು, ಎಲ್ಲರಿಗೂ ಒಂದೇ ಲೆಕ್ಕ, ಮುಗಿಯೋ ದಿನವೂ ಗೊತ್ತಿತ್ತು. ಅದೇ ಹೊತ್ತಲ್ಲಿ ಕೆಲವು ಪತ್ರಕರ್ತರ ಟ್ವಿಟರ್ ಖಾತೆಗಳೂ ಬ್ಲಾಕ್ ಪಟ್ಟಿ ಸೇರಿದವಲ್ಲ, ಅದು ಬೇರೆ ಕಥೆ.

ಆ ಕಥೆಯ ಬೇರು 2008ರ ಡಿಸೆಂಬರ್‌ನಲ್ಲಿದೆ. ಮುಂಬೈ ದಾಳಿ ಆಗಿ ಒಂದು ತಿಂಗಳೂ ಕಳೆದಿರಲಿಲ್ಲ, ಲೋಕಸಭೆ ಚರ್ಚೆಯೇ ಇಲ್ಲದೆ ಐಟಿ ಕಾಯ್ದೆಯ ತಿದ್ದುಪಡಿ ಪಾಸು ಮಾಡಿತು. ಸೈಬರ್ ಭಯೋತ್ಪಾದನೆಗೆ 66ಎಫ್, ಜೀವಾವಧಿ ಶಿಕ್ಷೆಯವರೆಗೆ. ಸರಿ. ಅದರ ಜೊತೆಗೇ 66ಎ: ಮೆಸೇಜ್ ಯಾರಿಗಾದರೂ ಕಿರಿಕಿರಿ ತಂದರೂ 3 ವರ್ಷ ಜೈಲು! ಅಲ್ಲಾ ಸ್ವಾಮಿ, ಕಿರಿಕಿರಿ ಭಯೋತ್ಪಾದನೆಯೇ? 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆ ಅಂತ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪಾಲ್ಘರ್ ಪೊಲೀಸರು ಬಂಧಿಸಿದರು.

ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು 66ಎ ರದ್ದಾಯಿತು. ಚರ್ಚೆ ಬೇರೆ, ಪ್ರಚೋದನೆ ಬೇರೆ ಅಂತ ಕೋರ್ಟ್ ಗೆರೆ ಎಳೆಯಿತು. ಸತ್ತ ಕಲಂನಡಿ 2021ರಲ್ಲೂ ಕೇಸ್ ಬೀಳ್ತಿರೋದು ಕಂಡು ಅದೇ ಕೋರ್ಟ್ ಬೆಚ್ಚಿಬಿತ್ತು.

ವೆಬ್‌ಸೈಟ್, ಖಾತೆ ತಡೆಯುವ 69ಎ ಮಾತ್ರ ಉಳಿಯಿತು, ಕಾರಣವನ್ನು ಬರೆದಿಡಬೇಕು ಎಂಬ ಷರತ್ತು ಅದರಲ್ಲೇ ಇದೆ ಅಂತ. ಆದರೆ 2009ರ ನಿಯಮಗಳ ಪ್ರಕಾರ ಆ ಪ್ರಕ್ರಿಯೆಯೆಲ್ಲ ಗೌಪ್ಯ. ಖಾತೆ ಕಳೆದುಕೊಂಡವರಿಗೆ ನೋಟಿಸ್ ಕೊಡಬೇಕು ಅಂತ ಟ್ವಿಟರ್ ನಮ್ಮ ಹೈಕೋರ್ಟಿನಲ್ಲಿ ವಾದಿಸಿತು. 2023ರ ಜೂನ್ 30ರಂದು ಅರ್ಜಿ ವಜಾ, ಮೇಲೆ 50 ಲಕ್ಷ ದಂಡ. ಕಂಪನಿ ಮೇಲ್ಮನವಿ ಹಾಕಿತು. ಖಾತೆ ಕಳಕೊಂಡವರು ಯಾವ ಆದೇಶ ತೋರಿಸಿ ಹಾಕಬೇಕು?